ಕೊಟ್ರಬಸಪ್ಪನವರ ಕ್ಯಾಸೆಟ್ಟು ಜಗಳೂರಿಗೆ ಹೋದದ್ದು

ಚನ್ನಗಿರಿಯ ಬಟ್ಟೆ ವ್ಯಾಪಾರಿ ಕೊಟ್ರಬಸಪ್ಪನವರನ್ನು ಯಾರೂ "ಆರಾಮಾಗಿದ್ದೀರಾ" ಎಂದು ಕೇಳುತ್ತಿರಲಿಲ್ಲ. "ವಿಸಿಆರ್ ಹೆಂಗೈತ್ರಿ?" ಎಂದು ಕೇಳುತ್ತಿದ್ದರು. ಅವರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಳ್ಳುತ್ತಾ, "ನಿನ್ನೆ ಸ್ವಲ್ಪ ಗೆಲುವಾಗಿತ್ತು. ಇವತ್ತು ಮತ್ತೆ ಕ್ಯಾಸೆಟ್ ನುಂಗಿ ಕುಂತೈತೆ" ಎನ್ನುವರು. ಅದಕ್ಕೆ ನಾವು ಮನೆಯ ಹಿರಿಯರೊಬ್ಬರಿಗೆ ಮೈ ಹುಷಾರಿಲ್ಲದಾಗ ಮಾಡುವಂತೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆವು.

ಯಂತ್ರಗಳ ಜೊತೆ ಅವರ ನಂಟು ಹಳೆಯದು. ಎಪ್ಪತ್ತರ ದಶಕದಲ್ಲಿ ಅವರ ಹತ್ತಿರ ಒಂದು ಟ್ರಾನ್ಸಿಸ್ಟರ್ ಇತ್ತು. ಅದನ್ನು ಎಡಗಿವಿಯ ಪಕ್ಕ ಓರೆಯಾಗಿ ಹಿಡಿದರೆ ಮಾತ್ರ ವಾರ್ತೆ ಕೇಳುತ್ತಿತ್ತು. ಹಾಗಾಗಿ ತುರ್ತುಪರಿಸ್ಥಿತಿ ಬಂದದ್ದೂ ಹೋದದ್ದೂ ಅವರಿಗೆ ಕತ್ತು ಓರೆ ಮಾಡಿಕೊಂಡೇ ತಿಳಿಯಿತು. ಆಮೇಲೆ ಒಂದು ಟೇಪ್ ರೆಕಾರ್ಡರ್ ಬಂತು. ತಂಗಿಯ ಮದುವೆಯನ್ನು ಅದರಲ್ಲಿ ಹಿಡಿದಿಟ್ಟರು. ಕೇಳಿ ನೋಡಿದರೆ ಮಂತ್ರವೂ ಇಲ್ಲ, ವಾಲಗವೂ ಇಲ್ಲ, ಉದ್ದಕ್ಕೂ ಛತ್ರದ ಫ್ಯಾನಿನ ಸದ್ದು. ಇಷ್ಟಾದರೂ ಎಂಬತ್ತೈದನೇ ಇಸವಿಯಲ್ಲಿ ಬೊಂಬಾಯಿಗೆ ಸೀರೆ ತರಲು ಹೋದವರು ಸೀರೆ ಗಂಟಿನ ನಡುವೆ ಒಂದು ವಿಡಿಯೋ ಕ್ಯಾಮೆರಾವನ್ನೂ ಒಂದು ವಿಸಿಆರನ್ನೂ ಸುತ್ತಿ ತಂದರು. ಎರಡೂ ಯಾರೋ ಬಳಸಿ ಬಿಟ್ಟವು. ಕಂಪನಿಯ ಹೆಸರು ಚನ್ನಗಿರಿ ತಲುಪುವ ಮೊದಲೇ ಅಳಿಸಿಹೋಗಿತ್ತು.

ಹೆಂಡತಿ ಕಲ್ಲಮ್ಮ ಗಂಟು ಬಿಚ್ಚಿ ನೋಡಿ, "ಇದನ್ನ ಉಡಾಕೆ ಬರ್ತೈತೇನ್ರಿ?" ಎಂದಷ್ಟೇ ಕೇಳಿದರು.

ಯಂತ್ರದ ಜೊತೆ ಒಂದು ದಪ್ಪ ಪುಸ್ತಕವಿತ್ತು. ಕಾನ್ವೆಂಟಿನಲ್ಲಿ ಓದಿದವನೆಂದು ಪಕ್ಕದ ಮನೆಯ ನನಗೆ ಕರೆ ಬಂತು. ಪುಸ್ತಕ ತೆರೆದರೆ ಮೊದಲಿಂದ ಕೊನೆಯವರೆಗೆ ಜಪಾನೀ ಅಕ್ಷರ. ಇಂಗ್ಲಿಷಿನ ಹಾಳೆಗಳನ್ನು ಯಾರೋ ಹರಿದುಕೊಂಡಿದ್ದರು. ಕಾನ್ವೆಂಟಿನ ಸಿಸ್ಟರುಗಳು ನನಗೆ ಚೆನ್ನಾಗಿ ಕಲಿಸಿದ್ದು ಪ್ರಾರ್ಥನೆ ಒಂದೇ. ಆ ಪುಸ್ತಕ ನೋಡಿದ ಮೇಲೆ ಮಾಡಲು ಉಳಿದದ್ದೂ ಅದೊಂದೇ.

ಆ ಕ್ಯಾಮೆರಾ ಒಂಟಿಯಾಗಿ ಕೆಲಸ ಮಾಡುವ ಜಾತಿಯದಲ್ಲ. ಕ್ಯಾಮೆರಾ ಭುಜದ ಮೇಲೆ, ವಿಸಿಆರ್ ಸ್ಟೂಲಿನ ಮೇಲೆ, ಎರಡರ ನಡುವೆ ಕರಿ ಹಗ್ಗದಂಥ ವೈರು. ವೈರು ಎಷ್ಟು ಉದ್ದವೋ ಕೊಟ್ರಬಸಪ್ಪನವರ ಜಗತ್ತು ಅಷ್ಟೇ ಅಗಲ. ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಅಂಗಳದ ಬಾಗಿಲತನಕ ಹೋಗಿ ಹಿಂದೆ ಬರುತ್ತಿದ್ದರು. ವೋಲ್ಟೇಜು ಏರಿಳಿಯುತ್ತದೆಂದು ಸ್ಟೆಬಿಲೈಜರ್ ತಂದರು. ಅದನ್ನು ಹಾಕಿದ ಮೇಲೆ ಆಗಾಗ ಎಲ್ಲವೂ ನಿಂತೇ ಹೋಗುತ್ತಿದ್ದುದರಿಂದ ನಾವು ಅದನ್ನು 'ಸ್ತಬ್ಧಲೈಜರ್' ಎಂದು ಕರೆದೆವು. ಚಿತ್ರದ ಮೇಲೆ ಮಳೆಯಂಥ ಗೆರೆ ಬಿದ್ದರೆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಹೊನ್ನಾಳಿಗೆ ಒಯ್ಯಬೇಕು. ಅಲ್ಲಿ ರೇಡಿಯೋ ರಿಪೇರಿಯ ಓಂಕಾರಪ್ಪ ಮುಚ್ಚಳ ತೆಗೆದು ನೋಡಿ, "ಹೆಡ್ಡು ಹೋಗೈತ್ರಿ ಯಜಮಾನ್ರೆ" ಎನ್ನುತ್ತಿದ್ದ.

"ನಂದೋ ಅದರದೋ?" ಎಂದು ಒಮ್ಮೆ ಕೊಟ್ರಬಸಪ್ಪ ಕೇಳಿದ್ದರು.

"ಸದ್ಯಕ್ಕೆ ಅದರದು. ಇಟ್ಟು ಹೋಗ್ರಿ, ನೋಡಾಣ."

ಹೀಗೆ ಇಟ್ಟು ಹೋಗಿ, ನೋಡಿ, ತಂದು, ಮತ್ತೆ ಇಟ್ಟು ಹೋಗಿ, ಎರಡು ವರ್ಷದಲ್ಲಿ ಅವರು ತೆಗೆದ ಚಿತ್ರಗಳಲ್ಲಿ ಒಂದು ವಿಶೇಷವಿತ್ತು. ಯಾವುದರಲ್ಲೂ ಯಾರೂ ಅಲ್ಲಾಡುತ್ತಿರಲಿಲ್ಲ. ನಮ್ಮೂರಿನವರಿಗೆ ಕ್ಯಾಮೆರಾ ಎಂದರೆ ಉಸಿರು ಬಿಗಿಹಿಡಿದು, ಕೈ ನೇರ ಬಿಟ್ಟು, ಕಣ್ಣು ಮಿಟುಕಿಸದೆ ನಿಲ್ಲುವುದು. "ಮಾತಾಡ್ರಿ, ಓಡಾಡ್ರಿ, ಇದು ಸಿನಿಮಾ ಥರ" ಎಂದು ಇವರು ಅಂಗಲಾಚಿದರೂ ಎದುರಿದ್ದವರು ತುಟಿ ಅಲ್ಲಾಡಿಸದೆ, "ಹೂಂ, ತೆಗೀರಿ" ಎನ್ನುತ್ತಿದ್ದರು. ಅಷ್ಟು ದೊಡ್ಡ ಯಂತ್ರ ಹೊತ್ತು ಅವರು ತೆಗೆದದ್ದೆಲ್ಲ ಉದ್ದನೆಯ ಫೋಟೋ. ಬೇರೆಯವರಾಗಿದ್ದರೆ ಅಟ್ಟಕ್ಕೆ ಹಾಕುತ್ತಿದ್ದರು. ಇವರು ಹಾಕಲಿಲ್ಲ. ಇದು ಯಾವುದಾದರೂ ಒಂದು ಕೆಲಸಕ್ಕೆ ಬಂದೇ ಬರುತ್ತದೆಂದು ನಂಬಿದ್ದರು.

ಆ ಕೆಲಸ ಎಂಬತ್ತೇಳರಲ್ಲಿ ಬಂತು.

ಮಗಳು ಮಂಗಳ, ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ನಿಧಾನದ ಹುಡುಗಿ. ನಡಿಗೆ ನಿಧಾನ, ಮಾತು ನಿಧಾನ, ನಗುವುದಿದ್ದರೂ ಒಮ್ಮೆ ಯೋಚಿಸಿ ನಗುತ್ತಿದ್ದಳು. ನೋಡಲು ಬರುವವರು ಬರುತ್ತಲೇ ಇದ್ದರು. ಜಮಖಾನೆ ಹಾಸುವುದು, ಉಪ್ಪಿಟ್ಟು ಮಾಡುವುದು, ಮಂಗಳ ತಟ್ಟೆ ತಂದಿಡುವುದು. ಹೆಸರು ಕೇಳುವರು, ತೊದಲು ಇಲ್ಲವೆಂದು ತಿಳಿಯಲು. ಪೇಪರು ಓದಿಸುವರು, ಕಣ್ಣು ನೆಟ್ಟಗಿದೆಯೆಂದು ತಿಳಿಯಲು. ವಚನ ಹಾಡಿಸುವರು. ಕೊನೆಗೆ ಒಬ್ಬರು ಹಿರಿಯರು, "ಎಲ್ಲಿ, ಬಾಗಿಲತನಕ ಹೋಗಿ ಬಾರಮ್ಮ ನೋಡಾಣ" ಎನ್ನುವರು, ಕಾಲು ಕುಂಟಿಲ್ಲವೆಂದು ತಿಳಿಯಲು. ಅವಳು ಹೋಗಿ ಬರುವಳು. "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಅವರು ಎದ್ದು ಹೋಗುವರು. ಆಮೇಲೆ ಯಾರಿಂದಲೋ ಮಾತು ಬರುವುದು: ಹುಡುಗಿ ಚಂದ, ಆದರೆ ಭಾರಿ ನಿಧಾನ.

ಒಂದು ಸಂಜೆ ಹಾಗೆ ಬಂದವರು ಹೋದ ಮೇಲೆ, ಮಂಗಳ ಜಮಖಾನೆ ಸುತ್ತುತ್ತಾ, ತಲೆ ಎತ್ತದೆ ಕೇಳಿದಳು: "ಅಪ್ಪಾಜಿ, ಅಂಗಡೀಲಿ ಗಿರಾಕಿಗೆ ಒಂದು ಸೀರೆ ಎಷ್ಟು ಸಲ ಬಿಚ್ಚಿ ತೋರಿಸ್ತೀರಿ?"

"ಒಂದ್ಸಲ, ಹೆಚ್ಚಂದ್ರೆ ಎರಡು ಸಲ. ಆಮೇಲೆ ಮಡಿಕೆ ಹಾಳಾಗ್ತೈತೆ. ಯಾಕೆ?"

"ಏನಿಲ್ಲ, ಸುಮ್ನೆ ಕೇಳಿದೆ."

ಕೊಟ್ರಬಸಪ್ಪ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮಗಳನ್ನು ಕರೆದು, ಕ್ಯಾಮೆರಾದ ಮೇಲಿನ ಬಟ್ಟೆ ತೆಗೆದು ಹೇಳಿದರು: "ನೋಡವ್ವ, ಒಂದೇ ಸಲ ಇದರ ಮುಂದೆ ನಡಿ, ಓದು, ಹಾಡು. ಕ್ಯಾಸೆಟ್ ಮಾಡಿ ಇಡ್ತೀನಿ. ನೋಡೋರು ಕ್ಯಾಸೆಟ್ ನೋಡ್ಲಿ. ಇನ್ನು ನೀನು ಯಾರ ಮುಂದೂ ನಡೆಯೋದು ಬ್ಯಾಡ. ಇದು ನನ್ನ ಮಾತು."

ಮಂಗಳ ಕ್ಯಾಮೆರಾವನ್ನೂ ಅಪ್ಪನನ್ನೂ ಒಮ್ಮೆ ನೋಡಿ, "ಆಗ್ಲಿ ಅಪ್ಪಾಜಿ" ಎಂದಳು. ಅವಳು ಹಾಗೆ ಬೇಗ ಒಪ್ಪಿದ್ದು ಕಂಡು ಕಲ್ಲಮ್ಮನಿಗೆ ಆಶ್ಚರ್ಯವಾಯಿತು.

ಭಾನುವಾರ ಅಂಗಡಿಗೆ ರಜೆ. ಕಲ್ಲಮ್ಮ ಶುಭಕಾರ್ಯವೆಂದು ಕ್ಯಾಮೆರಾಕ್ಕೆ ವಿಭೂತಿ ಹಚ್ಚಿದರು, ಮೂರೂ ಬೆರಳು ಸೇರಿಸಿ, ನೇರವಾಗಿ ಗಾಜಿನ ಮೇಲೆ. ಅದನ್ನು ಒರೆಸುವಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಬಂದಾಗ ಬಿಸಿಲು ಸರಿದಿತ್ತು. ಬಿಸಿಲು ಇದ್ದ ಕಡೆಗೆ ವೈರು ಮುಟ್ಟಲಿಲ್ಲ. ಕೊನೆಗೆ ಎಲ್ಲ ಕೂಡಿಬಂದು ಮಂಗಳ ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದಳು. ಕ್ಯಾಮೆರಾ ತನ್ನ ಕಡೆ ತಿರುಗುತ್ತಲೇ ನಮ್ಮೂರಿನವಳಾಗಿ ಪಟ್ಟನೆ ನಿಂತುಬಿಟ್ಟಳು.

"ನಿಲ್ಲಬ್ಯಾಡ ಕಣವ್ವ, ನಡಿ. ಇನ್ನೊಂದ್ಸಲ."

ಇನ್ನೊಂದು ಸಲ ತಟ್ಟೆಯ ಮೇಲೆ ಕಲ್ಲಮ್ಮನ ನೆರಳು ಬಿತ್ತು. ಮತ್ತೊಂದು ಸಲ ಬಂಡಿಯ ಸದ್ದು. ಇವರು ಒತ್ತಿದ್ದು ರೆಕಾರ್ಡ್ ಅಲ್ಲ, ಪಾಜ್ ಎಂದು ಆಮೇಲೆ ಗೊತ್ತಾಗಿ ಮೊದಲಿಂದ ಆಯಿತು. ನಮ್ಮ ಕಡೆ ಪಾಜನ್ನೂ ಪಾಸ್ ಎನ್ನುತ್ತಾರೆ. ಪಾಸ್ ಗುಂಡಿ ಎಷ್ಟು ಸಲ ಒತ್ತಿದರೂ ಹುಡುಗಿ ಪಾಸಾಗಲಿಲ್ಲ. "ಇನ್ನೊಂದ್ಸಲ ನಡಿ ಮಗಳೇ. ಇನ್ನೊಂದೇ ಸಲ." ಸಂಜೆಯ ಹೊತ್ತಿಗೆ ಮಂಗಳ ಸೆರಗಿನಿಂದ ಮುಖ ಒರೆಸಿಕೊಂಡು, ಒಳಗೆ ಹೋಗಿ ಗೋಡೆಗೆ ಒರಗಿ ಕೂತಳು. ಹಾಳಾದದ್ದನ್ನು ಕತ್ತರಿಸಿ ತೆಗೆಯುವ ಅನುಕೂಲ ಮನೆಯ ವಿಸಿಆರಿನಲ್ಲಿ ಎಲ್ಲಿಂದ ಬರಬೇಕು? ಎಲ್ಲವೂ ಹಾಗೇ ಕ್ಯಾಸೆಟ್ಟಿನಲ್ಲಿ ಉಳಿಯಿತು.

ಅವತ್ತು ಕೊಟ್ರಬಸಪ್ಪ ಇನ್ನೂ ಒಂದು ಕೆಲಸ ಮಾಡಿದ್ದರು. ವಿಸಿಆರಿನಲ್ಲಿ ಒಂದು ಗುಂಡಿಯಿತ್ತು. ಅದನ್ನು ಒತ್ತಿದರೆ ಟೇಪು ಅರ್ಧ ವೇಗದಲ್ಲಿ ಸುತ್ತಿ, ಮೂರು ತಾಸಿನ ಕ್ಯಾಸೆಟ್ಟಿನಲ್ಲಿ ಆರು ತಾಸು ಹಿಡಿಸುತ್ತಿತ್ತು. ಒಂದು ಜುಬ್ಬದ ಪೀಸಿನಲ್ಲಿ ಎರಡು ಜುಬ್ಬ ಹೊಲಿಸುವ ಮನುಷ್ಯ ಆ ಗುಂಡಿಯನ್ನು ಬಿಡುವುದುಂಟೇ? ಅಂಥ ಗುಂಡಿಯಿಲ್ಲದ ಯಂತ್ರಕ್ಕೆ ಆ ಕ್ಯಾಸೆಟ್ ಹಾಕಿದರೆ ಚಿತ್ರ ಎರಡು ಪಟ್ಟು ಜೋರಾಗಿ ಓಡುತ್ತದೆಂಬ ವಿಷಯ ಆ ಜಪಾನೀ ಪುಸ್ತಕದಲ್ಲಿ ಇದ್ದಿರಬೇಕು.

ಆ ವಾರವೇ ಜಗಳೂರಿನ ಶೇಂಗಾ ವ್ಯಾಪಾರಿ ನಾಗರಾಜಪ್ಪ ಅಂಗಡಿಗೆ ಬಂದರು. ಮಗ ಕಾಲೇಜಿನಲ್ಲಿ ಮೇಷ್ಟ್ರು, ಹೆಣ್ಣು ಹುಡುಕುತ್ತಿದ್ದರು. ಕೊಟ್ರಬಸಪ್ಪ ಕ್ಯಾಸೆಟ್ಟಿನ ವಿಷಯ ಹೇಳಿ, "ನಿಮ್ಮ ಮನೇಲಿ ವಿಸಿಆರ್ ಐತೇನ್ರಿ?" ಎಂದರು.

"ಏ, ನಮ್ಮನೇಲಿ ಎಲ್ಲಾ ಐತ್ರಿ, ಕೊಡ್ರಿ" ಎಂದರು ನಾಗರಾಜಪ್ಪ.

ಇರಲಿಲ್ಲ. ಬೀಗರಾಗುವವರ ಮುಂದೆ ಇಲ್ಲ ಎನ್ನುವ ಪದ್ಧತಿಯೂ ಇರಲಿಲ್ಲ.

ಎರಡು ವಾರ ಸುದ್ದಿಯಿಲ್ಲ. ಆಮೇಲೆ ಜಗಳೂರಿನಲ್ಲಿದ್ದ ಕಲ್ಲಮ್ಮನ ಚಿಕ್ಕಪ್ಪನ ಮಗಳು ಕಸ್ತೂರಮ್ಮ ಚನ್ನಗಿರಿಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ಏನ್ ಕಲ್ಲಕ್ಕಾ, ನಮ್ಮ ಬೀದೀಲಿ ನಿಮ್ಮ ಮಂಗಳಾನ ಸಿನಿಮಾ ಹಾಕಿದ್ರಲ್ಲೇ!"

"ಏನ್ ಸಿನಿಮಾ?"

"ನಾಗರಾಜಪ್ಪ ಟೀವಿ, ಕ್ಯಾಸೆಟ್ ಹಾಕೋ ವಿಸಿಪಿ ಬಾಡಿಗೆಗೆ ತರಿಸಿದ್ದ. ಬಾಡಿಗೆ ಕೊಟ್ಟ ಮೇಲೆ ಸುಮ್ನೆ ಬಿಡ್ತಾರಾ? ಎರಡು ಪಿಚ್ಚರ್ ತಂದು, ಬೀದಿಗೆಲ್ಲಾ ಹೇಳಿದ್ರು. ನಾವೆಲ್ಲಾ ಹೋಗಿದ್ವಿ. ಒಂದು ಪಿಚ್ಚರ್ ಮುಗೀತು, ಆಮೇಲೆ ನೋಡಿದ್ರೆ ನಿಮ್ಮ ಅಡುಗೆಮನೆ! ಮಂಗಳ ಹೊಲಿಗೆ ಮಿಷನ್ ಹಂಗೆ ಟರ್ ಟರ್ ಅಂತ ಓಡಾಡ್ತಾಳೆ. ಹಾಡಿದ್ರೆ ಗುಬ್ಬಿ ಕೂಗಿದಂಗೆ. ಹುಡುಗ್ರು ನಕ್ಕಿದ್ದೇ ನಕ್ಕಿದ್ದು. ಈಗ್ಲೂ ಬೀದೀಲಿ ತಟ್ಟೆ ಹಿಡಕೊಂಡು ಅವಳಂಗೆ ಓಡಿ ತೋರಿಸ್ತಾವೆ." ಕಸ್ತೂರಮ್ಮ ನಗುತ್ತಾ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ಮಂಗಳ ನಿಂತಿದ್ದಳು. ಅವರ ನಗು ಅಲ್ಲಿಗೇ ನಿಂತಿತು.

ರಾತ್ರಿ ಅಂಗಡಿಯಿಂದ ಬಂದ ಗಂಡನಿಗೆ ಕಲ್ಲಮ್ಮ ಎಲ್ಲ ಹೇಳಿದರು. ಮಂಗಳ ಅಳಲಿಲ್ಲ, ಕೂಗಾಡಲಿಲ್ಲ. "ಆ ಕ್ಯಾಸೆಟ್ ಈಗ ಎಲ್ಲೈತೆ ಅಪ್ಪಾಜಿ?" ಎಂದು ಮಾತ್ರ ಕೇಳಿದಳು.

ಕೊಟ್ರಬಸಪ್ಪ ಮರುದಿನ ಮೊದಲ ಬಸ್ಸಿಗೆ ಜಗಳೂರಿಗೆ ಹೊರಟರು. ಜಗಳೂರಿಗೆ ಹೋದರೂ ಜಗಳಕ್ಕೆ ಹೋದವರಲ್ಲ. ಅಷ್ಟು ಶಕ್ತಿಯೂ ಉಳಿದಿರಲಿಲ್ಲ. ಕ್ಯಾಸೆಟ್ ಸಿಕ್ಕರೆ ಸಾಕಿತ್ತು.

ನಾಗರಾಜಪ್ಪನವರ ಹೆಂಡತಿ ಪ್ರೇಮಮ್ಮ ಬಾಗಿಲಲ್ಲೇ ಅವರನ್ನು ಕಂಡು ಹಿಗ್ಗಿದರು. "ಬರ್ರಿ ಬರ್ರಿ ಅಣ್ಣಾರೆ! ಹುಡುಗಿ ಏನ್ ಚುರುಕ್ರೀ! ನಮ್ಮನೇಲಿ ಆಳುಕಾಳು, ದನಕರ, ಕೆಲಸ ಭಾಳ. ಹಿಂಗೆ ಓಡಾಡೋ ಸೊಸೇನೇ ನಾನು ಹುಡುಕ್ತಿದ್ದೆ. ನಮಗೆ ಒಪ್ಪಿಗೆ ಐತ್ರಿ. ಸೋಮವಾರ ಬಂದು ಒಂದ್ಸಲ ಕಣ್ಣಾರೆ ನೋಡಿಬಿಡ್ತೀವಿ, ಶಾಸ್ತ್ರಕ್ಕೆ."

ನಿಧಾನವೆಂದೇ ಎಲ್ಲ ಕಡೆ ಬೇಡವಾದ ಮಗಳು ಇಲ್ಲಿ ಚುರುಕೆಂದು ಒಪ್ಪಿಗೆಯಾಗಿದ್ದಳು. ಅರ್ಧ ವೇಗದ ಗುಂಡಿ ಮಾಡಿದ ಕೆಲಸ ಕೊಟ್ರಬಸಪ್ಪನವರಿಗೆ ಆಗ ಹೊಳೆಯಿತು. ಒಳ್ಳೆ ಮನೆ. ಹುಡುಗ ಮೇಷ್ಟ್ರು. ಒಂದು ಗುಂಡಿಯ ವಿಷಯ ಹೇಳದೆ ಇದ್ದರೆ ಯಾರಿಗೇನು ನಷ್ಟ? ಕೊಟ್ಟ ಚಹಾ ಕುಡಿದರು. ಆಮೇಲೆ, "ಆ ಕ್ಯಾಸೆಟ್ಟು..." ಎಂದರು.

ನಾಗರಾಜಪ್ಪ ತಲೆ ಕೆರೆದುಕೊಂಡರು. "ಅದು ಮಿಷನ್ನಿನ ಹೊಟ್ಟೇಲೇ ಉಳೀತು ನೋಡ್ರಿ. ಬಾಡಿಗೆ ಕೊಡೋ ಗಾದ್ರಪ್ಪ ಹಂಗೇ ಎತ್ಕೊಂಡು ಹೋದ. ಇವತ್ತು ಇಲ್ಲೇ ಹತ್ರ ಸೊಕ್ಕೆ ಊರಿಗೆ ಹೋಗ್ಯಾನಂತೆ."

ಸೊಕ್ಕೆಯಲ್ಲಿ ತಿಪ್ಪೇಶಪ್ಪ ಎಂಬವರ ಮನೆಯಲ್ಲಿ ಮೊಮ್ಮಗನ ಜಾವಳ. ತಲೆ ಬೋಳಿಸಿಕೊಂಡ ಮಗು ತಾಯಿಯ ಮಡಿಲಲ್ಲಿ ನಿದ್ದೆ ಹೋಗಿತ್ತು. ಕಿಟಕಿಗಳಿಗೆ ಕರಿ ಕಂಬಳಿ ಕಟ್ಟಿ ಹಗಲನ್ನು ಕತ್ತಲೆ ಮಾಡಿ, ಊರೇ ಒಳಗೆ ಕೂತಿತ್ತು. ಪಿಚ್ಚರಿನ ಕ್ಯಾಸೆಟ್ ಕೈಕೊಟ್ಟಿದ್ದರಿಂದ ಗಾದ್ರಪ್ಪ ಕೈಗೆ ಸಿಕ್ಕ ಇನ್ನೊಂದನ್ನು ಹಾಕಿದ್ದ. ಕೊಟ್ರಬಸಪ್ಪ ಬಾಗಿಲಲ್ಲಿ ಬಗ್ಗಿ ಒಳಗೆ ಬಂದಾಗ ಟೀವಿಯಲ್ಲಿ ಗೆರೆಗಳ ನಡುವೆ ಮಂಗಳ ಓಡುತ್ತಿದ್ದಳು.

ತಟ್ಟೆ ಹಿಡಿದು ಬಂದಳು, ನಿಂತಳು, ಹೋದಳು, ಬಂದಳು. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಅವಳ ಜೊತೆಗೆ ಇನ್ನೊಂದು ದನಿ ಕೇಳುತ್ತಿತ್ತು. ಇಲಿ ಕಿಚಗುಟ್ಟಿದಂಥ ದನಿ. "ಇನ್ನೊಂದ್ಸಲ ನಡಿ. ಇನ್ನೊಂದ್ಸಲ. ಇನ್ನೊಂದೇ ಸಲ." ಆ ದನಿ ಕಿಚಗುಟ್ಟಿದಾಗೆಲ್ಲ ಹುಡುಗಿ ತಿರುಗಿ ಬಾಗಿಲತನಕ ಓಡುತ್ತಿದ್ದಳು. ನೋಡಲು ಬಂದ ಹಿರಿಯರು ಒಬ್ಬೊಬ್ಬರು ಒಂದೊಂದೇ ಸಲ ಕೇಳಿದ್ದನ್ನು ಈ ದನಿ ನಿಲ್ಲಿಸದೆ ಕೇಳುತ್ತಿತ್ತು.

ಮುಂದೆ ಕೂತಿದ್ದ ತಿಪ್ಪೇಶಪ್ಪನವರ ತಾಯಿ ಓಬವ್ವ ನಗಲಿಲ್ಲ. ಎಲೆ ಅಡಿಕೆ ತುಂಬಿದ ಬಾಯಿಂದಲೇ ರೇಗಿದರು. "ಯಾವನಲೇ ಅವ್ನು ಹಿಂದೆ ನಿಂತು ಕೂಗೋನು? ಆ ಕೂಸನ್ನ ಎಷ್ಟು ಸಲ ನಡಸ್ತಾನೆ? ಕಾಲು ಸೋತು ಹೋಗ್ಯಾವೆ ಅದರವು. ಕುಂತ್ಕಳವ್ವ ಅನ್ರೋ ಯಾರಾದ್ರೂ!"

"ಅಜ್ಜೀ, ಅದು ಟೀವಿ. ಹೇಳಿದ್ರೆ ಕೇಳಲ್ಲ" ಎಂದ ಒಬ್ಬ ಹುಡುಗ.

"ಕೂಗೋನಿಗೆ ಹೇಳ್ರೋ ಮತ್ತೆ!"

ಕತ್ತಲೆಯಲ್ಲಿ, ಬಾಗಿಲ ಬಳಿಯಿಂದ, ಕೊಟ್ರಬಸಪ್ಪನವರ ದನಿ ಬಂತು. "ಅವನು ನಾನೇ ಕಣವ್ವ. ಅದು ನನ್ನ ಮಗಳು. ಆ ಕ್ಯಾಸೆಟ್ ತೆಗೆದು ಕೊಡ್ರಪ್ಪ."

ಗಾದ್ರಪ್ಪ ಎದ್ದು ಕ್ಯಾಸೆಟ್ ತೆಗೆದು, ಶರಟಿನ ತುದಿಯಿಂದ ಧೂಳು ಒರೆಸಿ ಕೊಟ್ಟ. ಓಬವ್ವ ಪಕ್ಕಕ್ಕೆ ಸರಿದು ಜಾಗ ಮಾಡಿ, "ಬಾರಪ್ಪ ಇಲ್ಲಿ, ಕುಂತ್ಕ. ನೀನೂ ಸೋತೀಯ. ಒಂದು ತುತ್ತು ಉಂಡು ಹೋಗು" ಎಂದರು. ಉಂಡು ಹೋದರು.

ಹಿಂದಕ್ಕೆ ಬರುವಾಗ ಜಗಳೂರಿನಲ್ಲಿ ಇಳಿದು ಮತ್ತೆ ನಾಗರಾಜಪ್ಪನವರ ಮನೆಗೆ ಹೋದರು. ಕೂರದೆ, ನಿಂತೇ ಹೇಳಿದರು. "ಅಕ್ಕಾರೆ, ನೀವು ನೋಡಿದ್ದು ಮಿಷನ್ನಿನ ಚುರುಕು. ನಮ್ಮ ಹುಡುಗಿ ಭಾಳ ನಿಧಾನ. ಮಾಡಿದ ಕೆಲಸ ಚೊಕ್ಕ, ಆದ್ರೆ ನಿಧಾನ. ಮತ್ತೆ ಆಕೆ ಇನ್ನು ಯಾರ ಮುಂದೂ ನಡೆಯಲ್ಲ. ಬರ್ರಿ, ಕುಂತು ಮಾತಾಡ್ರಿ, ಒಪ್ಪಿಗೆ ಆದ್ರೆ ಆಗ್ಲಿ."

ಪ್ರೇಮಮ್ಮನ ಮುಖ ಇಳಿಯಿತು. "ನಿಮ್ಮೂರಿಗೆ ತಿಳಿಸ್ತೀವಿ ಬಿಡ್ರಿ" ಎಂದರು. ಸೋಮವಾರ ಬರಲಿಲ್ಲ. ಇವತ್ತಿನತನಕ ತಿಳಿಸಿಯೂ ಇಲ್ಲ.

ಮನೆಯಲ್ಲಿ ಎಲ್ಲವನ್ನೂ ಹೇಳಿದಾಗ ಕಲ್ಲಮ್ಮ ಹಣೆ ಬಡಿದುಕೊಂಡರು. "ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು ನಿಮಗೆ? ಬಂದ ಸಂಬಂಧಾನ ಕೈಯಾರೆ ಕಳ್ಕೊಂಡು ಬಂದ್ರಲ್ಲ!" ಕೊಟ್ರಬಸಪ್ಪ ಕ್ಯಾಸೆಟ್ಟನ್ನು ಅಳಿಸಲು ವಿಸಿಆರಿಗೆ ಹಾಕಿದರು. ಗುಂಡಿ ಒತ್ತುವ ಮೊದಲು ಮಂಗಳ ಬಂದು ಪಕ್ಕದಲ್ಲಿ ಕೂತಳು.

"ತಡೀರಿ ಅಪ್ಪಾಜಿ. ಊರೋರೆಲ್ಲಾ ನೋಡಿದ್ದಾರೆ. ನಾನೊಬ್ಬಳೇ ನೋಡಿಲ್ಲ."

ಅವಳ ಸರಿಯಾದ ವೇಗದಲ್ಲಿ ಚಿತ್ರ ಓಡಿತು, ಅಂದರೆ ನಡೆಯಿತು. ಮಂಗಳ ತನ್ನನ್ನು ತಾನು ಗಮನವಿಟ್ಟು ನೋಡಿದಳು. "ಇನ್ನೊಂದ್ಸಲ" ಎಂಬ ದನಿ ಬಂದಾಗೆಲ್ಲ ಕೊಟ್ರಬಸಪ್ಪ ನೆಲ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ, "ನಡಿಗೆ ಚೆನ್ನಾಗೇ ಐತಲ್ಲ" ಎಂದಳು. ಆಮೇಲೆ, "ಸಾಕು, ಅಳಿಸ್ರಿ" ಎಂದಳು.

ಎರಡು ತಿಂಗಳ ಮೇಲೆ ನ್ಯಾಮತಿಯಿಂದ ಒಂದು ಗುಂಪು ಬಂತು. ಜಮಖಾನೆ, ಉಪ್ಪಿಟ್ಟು, ಎಲ್ಲ ಮೊದಲಿನಂತೆ. ಮಂಗಳ ಅವರು ಬರುವ ಮೊದಲೇ ಬಂದು ಜಮಖಾನೆಯ ಒಂದು ಮೂಲೆಯಲ್ಲಿ ಕೂತಿದ್ದಳು. ತಟ್ಟೆಗಳನ್ನು ಕೊಟ್ರಬಸಪ್ಪನವರೇ ತಂದಿಟ್ಟರು. ಹೆಸರು ಕೇಳಿದರು, ಹೇಳಿದಳು. ಪೇಪರು ಕೊಟ್ಟರು, ಓದಿದಳು. ಆಮೇಲೆ ರುಮಾಲು ಸುತ್ತಿದ ಹಿರಿಯರೊಬ್ಬರು ಗಂಟಲು ಸರಿ ಮಾಡಿಕೊಂಡು, "ಎಲ್ಲಿ, ಹುಡುಗಿ ಒಂದೀಟು ನಡೀಲಿ ನೋಡಾಣ" ಎಂದರು.

"ಇಲ್ರೀ" ಎಂದರು ಕೊಟ್ರಬಸಪ್ಪ. "ಆಕೆ ಕುಂತಿರ್ತಾಳೆ."

"ಯಾಕ್ರೀ? ಕಾಲಿಗೆ ಏನಾದ್ರೂ...?"

"ಕಾಲು ಚೆನ್ನಾಗೈತ್ರಿ. ಅದಕ್ಕೇ."

ಅಡುಗೆಮನೆಯಲ್ಲಿ ಕಲ್ಲಮ್ಮನ ಕೈಯಿಂದ ಸೌಟು ಬಿದ್ದ ಸದ್ದಾಯಿತು. ನ್ಯಾಮತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ, ಹೆಣ್ಣು ನೋಡಲು ಬಂದ ಕನ್ನಡಕದ ವರ, ಏಳುವ ಬದಲು ಇನ್ನಷ್ಟು ಸರಿಯಾಗಿ ಕೂರಲು ಜಾಗ ಮಾಡಿಕೊಂಡ.

ಮಂಗಳ ತಟ್ಟೆಯನ್ನು ಹಿರಿಯರ ಕಡೆಗೆ ನಿಧಾನವಾಗಿ ಸರಿಸಿದಳು. "ಉಪ್ಪಿಟ್ಟು ಆರ್ತೈತೆ. ತಗಳ್ರಿ."